ಸುದ್ದಿ ಮೊದಲು ಹೋದದ್ದು ಕುರಿ ಕಾಯುವವರಿಗೆ

ದೇವರು ಮನುಷ್ಯನ ಹತ್ತಿರ ಬಂದದ್ದೇ ಕ್ರಿಸ್ಮಸ್ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ನೂರಕ್ಕೆ ನೂರು ನಿಜ. ಆದರೆ ಮೊದಲು ಯಾರ ಹತ್ತಿರ ಬಂದ ಅನ್ನುವುದನ್ನು ಇನ್ನೂ ಸ್ವಲ್ಪ ಜಾಸ್ತಿ ಹೇಳಬೇಕಿತ್ತು. ಬೈಬಲಿನಲ್ಲಿ ಲೂಕನ ಸುವಾರ್ತೆಯ 2ನೇ ಅಧ್ಯಾಯ ನೋಡಿ. ದೇವದೂತ ಬಂದದ್ದು ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದವರ ಬಳಿಗೆ. ಛತ್ರದಲ್ಲಿ ಜಾಗ ಸಿಗದೆ ಮಗು ಯೇಸುವನ್ನು ಮಲಗಿಸಿದ್ದು ದನ ಮೇವು ತಿನ್ನುವ ಗೋದಲಿಯಲ್ಲಿ. ಎಷ್ಟು ದೊಡ್ಡ ಮಾತು ಅಲ್ವಾ! ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬೇಳದ ಕಡೆ ಕ್ರಿಸ್ಮಸ್‌ಗೆ ಕ್ರೈಸ್ತರ ಮನೆಗಳಲ್ಲಿ ಬೈಹುಲ್ಲು ಹಾಸಿ, ತಟ್ಟೆಯಲ್ಲಿ ಮೊಳಕೆ ಬರಿಸಿದ ಭತ್ತದ ಪೈರು ಇಟ್ಟು ಗೋದಲಿ ಕಟ್ಟುತ್ತಾರೆ. ಅದು ಸುಮ್ನೆ ಅಲಂಕಾರಕ್ಕಲ್ಲ. 1223ರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಊರಲ್ಲಿ ಗೋದಲಿ ಮಾಡಿ ನಿಜವಾದ ಎತ್ತು, ಕತ್ತೆ ನಿಲ್ಲಿಸಿದ್ದೂ ಜನ ಆ ಬಡತನವನ್ನು ಕಣ್ಣಾರೆ ನೋಡಲಿ ಅಂತಲೇ. ಮುಂದಿನ ಸಲ ಕುರಿ ಕಾಯುವವರ ಬಗ್ಗೆಯೇ ಬರೆಯಿರಿ, ಖಂಡಿತ ಓದುತ್ತೇನೆ.