ಏನೂ ಆಗಲ್ಲ ಸರ್, ಮಲಗಿ

ಹಬ್ಬ ಬಂತು ಅಂದರೆ ಖಾಸಗಿ ಸ್ಲೀಪರ್ ಬಸ್ಸಿನ ದರ ಎರಡು ಪಟ್ಟು, ಮೂರು ಪಟ್ಟು. ಸರಿ, ಊರಿಗೆ ಹೋಗಲೇಬೇಕಲ್ಲ, ಕೊಡುತ್ತೇವೆ. ಆದರೆ ಅಷ್ಟು ದುಡ್ಡು ಕೊಟ್ಟಮೇಲೆ ಎಮರ್ಜೆನ್ಸಿ ಬಾಗಿಲಿಗೆ ಅಡ್ಡವಾಗಿ ಪಾರ್ಸಲ್ ಮೂಟೆ ಇಡಬೇಡಿ ಅಂತ ಹೇಳೋದೂ ತಪ್ಪಾ? ಕ್ಲೀನರ್ ಹೇಳುವುದು ಒಂದೇ, "ಏನೂ ಆಗಲ್ಲ ಸರ್, ಮಲಗಿ."

ಏನೂ ಆಗಲ್ಲವಂತೆ! 2013ರಲ್ಲಿ ಬೆಂಗಳೂರಿಂದ ಹೈದರಾಬಾದಿಗೆ ಹೊರಟ ವೋಲ್ವೊ ಪಾಲೆಂ ಹತ್ತಿರ ಸುಟ್ಟು 45 ಜನ ಹೋದರು. 2025ರ ಅಕ್ಟೋಬರಿನಲ್ಲಿ ಅದೇ ಹೆದ್ದಾರಿ, ಕರ್ನೂಲಿನ ಬಳಿ, ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸಿಗೂ ಬೆಂಕಿ. ಓಡುತ್ತಿದ್ದದ್ದು ಇಲ್ಲಿ, ನಂಬರ್ ಪ್ಲೇಟು ದಮನ್-ದಿಯುದು! ಇಂಥದ್ದಾದಾಗ ನಾಲ್ಕು ದಿನ ಆರ್‌ಟಿಒ ತಪಾಸಣೆ ಜೋರಾಗಿರುತ್ತದೆ, ಆಮೇಲೆ ಯಥಾಪ್ರಕಾರ.

ವಿಮಾನದಲ್ಲಿ ಬಾಗಿಲು ಎಲ್ಲಿದೆ ಅಂತಾದರೂ ತೋರಿಸುತ್ತಾರೆ. ಆದರೆ ಅಲ್ಲೂ ನೋಡಿದಿರಲ್ಲ, ಪೈಲಟ್‌ಗಳು ನಿದ್ದೆಗೆಟ್ಟು ಹಾರಿಸಬಾರದು ಅಂತ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದರು, ರಾತ್ರಿ ಹಾರಾಟಕ್ಕೂ ಮಿತಿ ಹಾಕಿದರು, ಇಂಡಿಗೊ ತಯಾರಿ ಮಾಡಿಕೊಳ್ಳದೆ 2025ರ ಡಿಸೆಂಬರಿನಲ್ಲಿ ಸಾವಿರಾರು ವಿಮಾನ ರದ್ದು ಮಾಡಿತು, ವಿಮಾನಯಾನದ ನಿಯಂತ್ರಕ ಡಿಜಿಸಿಎ ತನ್ನದೇ ನಿಯಮವನ್ನು ಸಡಿಲ ಮಾಡಿ ಕೂತಿತು. ದೇಶದೊಳಗಿನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಕಂಪನಿ ಕೈಲಿದ್ದರೆ ಇನ್ನೇನಾಗುತ್ತೆ?

ಖಾಸಗಿಯವರು ನಡೆಸಲಿ, ಬೇಡ ಅನ್ನುವುದಿಲ್ಲ. ಆದರೆ ಡ್ರೈವರ್ ಹಿಂದಿನ ರಾತ್ರಿ ನಿದ್ದೆ ಮಾಡಿದ್ದಾನಾ ಅಂತ ಬುಕಿಂಗ್ ಆಪ್‌ನಲ್ಲಿ ಹಾಕಲಿ. ನೀರಿನ ಬಾಟಲಿ, ಕಂಬಳಿ, ಚಾರ್ಜಿಂಗ್ ಪಾಯಿಂಟ್ ಇದೆ ಅಂತ ಹಾಕೋಕೆ ಬರುತ್ತದೆ, ಅಲ್ವಾ?