ಬಿಸಿಲು ರೂಢಿ ಅನ್ನುವವರಿಗೆ

ನಿನ್ನೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆ ಒಂದು ಮದುವೆ. ಕಾರ್ಡಿನಲ್ಲಿ ಅಕ್ಕಿಕಾಳು 12:35ಕ್ಕೆ ಅಂತಿತ್ತು, ಬಿದ್ದದ್ದು ಒಂದೂವರೆ ದಾಟಿದ ಮೇಲೆ. ಒಬ್ಬ ಮುಖಂಡರು ಬರಬೇಕಿತ್ತು. ಬಂದ ಮೇಲೆ ಅವರಿಗೆ ಸತ್ಕಾರ, ಅವರ ಗಾಡಿಯಲ್ಲಿ ಬಂದವರಿಗೆಲ್ಲ ಸತ್ಕಾರ. ತಗಡಿನ ಶೆಡ್ಡು, ಹೊರಗೆ 42 ಡಿಗ್ರಿ, ಇದ್ದ ಕೂಲರುಗಳೆಲ್ಲ ಸ್ಟೇಜಿನ ಕಡೆ ಮುಖ ಮಾಡಿದ್ದವು.

ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯರು ರುಮಾಲು ತೆಗೆದು ತೊಡೆ ಮೇಲಿಟ್ಟುಕೊಂಡು ಎದೆ ಉಜ್ಜಿಕೊಳ್ಳುತ್ತಿದ್ದರು. ಅಂಗಿ ಪೂರ್ತಿ ತೊಯ್ದಿತ್ತು, ಮುಖ ಬಿಳಿಚಿತ್ತು. "ಏನಾತ್ರಿ ಕಾಕಾ?" ಅಂದೆ. "ಏನಿಲ್ಲ ತಮ್ಮಾ, ಪಿತ್ತ ಆಗೇತಿ" ಅಂದರು. ಅಷ್ಟರಲ್ಲಿ ಯಾರೋ ಸೋಡಾ ತಂದರು. ಇನ್ನೊಬ್ಬರು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಕೋರಿ ಅಂದರು. ನಾನು 108ಕ್ಕೆ ಅಂತ ಫೋನ್ ತೆಗೆದಿದ್ದೇ ತಡ, "ಏ, ಮದುವಿ ಮನಿಗೆ ಅಂಬುಲೆನ್ಸ್ ತರಸ್ತಿಯೇನೋ? ಬಿಸಲ ನಮಗೇನ್ ಹೊಸದಾ? ರೂಢಿ ಐತಿ ಬಿಡು" ಅಂತ ಸುತ್ತಲಿದ್ದವರು ಮೈಮೇಲೆ ಬಂದರು. ಕೂಗಾಡಿ, ಕೆಟ್ಟವನಾಗಿ, ಕೊನೆಗೆ ಆ ಹಿರಿಯರನ್ನು ಒಂದು ಕಾರಿನಲ್ಲಿ ಕಳಿಸಿದ್ದಾಯಿತು. ಇಸಿಜಿ ತೆಗೆದರು. ಹಾರ್ಟ್ ಅಟ್ಯಾಕ್. ಸದ್ಯ ಉಳಿದಿದ್ದಾರೆ.

ಈ ರೂಢಿ ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಬಿಸಿಲು ಏರಿದಾಗ ಮೈ ತಣ್ಣಗಿಡೋಕೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ. ರಕ್ತವೆಲ್ಲ ಚರ್ಮದ ಕಡೆ ಓಡಬೇಕು, ಓಡಿಸೋದು ಯಾರು? ಅದೇ ಹೃದಯ. ಬೆವರಿನಲ್ಲಿ ನೀರು, ಉಪ್ಪು ಹೋಗಿ ರಕ್ತ ಗಟ್ಟಿಯಾಗುತ್ತದೆ, ಬಿಪಿ ಇಳಿಯುತ್ತದೆ, ಹೃದಯ ಇನ್ನೂ ಜೋರಾಗಿ ಬಡಿಯಬೇಕಾಗುತ್ತದೆ. ಮೊದಲೇ ಹೃದಯದ ನಾಳ ಕಟ್ಟಿಕೊಂಡಿದ್ದರೆ ಮುಗೀತು. ಮೇಲೆ ಬಿಪಿಗೆ ಅಂತ ಮೂತ್ರ ಹೋಗಿಸುವ ಮಾತ್ರೆ ತಗೊಳ್ಳುವವರಿಗೆ ಮೈಯಲ್ಲಿ ನೀರು ಇನ್ನೂ ಬೇಗ ಕಡಿಮೆಯಾಗುತ್ತದೆ. ಹಾಗಂತ ಮಾತ್ರೆ ಬಿಡಬೇಡಿ ಮಾರಾಯರೇ, ಬೇಸಿಗೆ ಶುರುವಾಗೋ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ.

ಮೈ ಬಿಸಿಲಿಗೆ ಒಗ್ಗುತ್ತದೆ ಅನ್ನೋದು ಸುಳ್ಳಲ್ಲ, ಒಪ್ಪಿದೆ. ಒಂದೆರಡು ವಾರ ಬಿಸಿಲಲ್ಲಿ ದುಡಿದರೆ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಹೋಗೋದು ಕಡಿಮೆಯಾಗುತ್ತದೆ. ಆದರೆ ಅದು ಹೊಲದಲ್ಲಿ ದುಡಿಯುವ ಗಟ್ಟಿ ಆಳಿನ ಲೆಕ್ಕ. ಮನೆಯಲ್ಲಿ ಕೂಲರ್ ಮುಂದೆ ಕೂತು, ಶುಗರ್, ಬಿಪಿ ಎರಡೂ ಇಟ್ಟುಕೊಂಡು, ವರ್ಷಕ್ಕೆ ನಾಲ್ಕು ಮದುವೆಗೆ ಮಾತ್ರ ಬಿಸಿಲಿಗೆ ಬರುವ ನಮ್ಮ ಕಾಕಾಗಳಿಗೆ ಎಲ್ಲಿಯ ರೂಢಿ? ಮಂದಿ 46 ಡಿಗ್ರಿ ದಾಟಿದ ಬಿಸಿಲು ಕಂಡ ಅಹಮದಾಬಾದಿನಲ್ಲೇ 2010ರ ಮೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಜಾಸ್ತಿ ಆಗಿದ್ದವು. ಅವರಿಗೇನು ಬಿಸಿಲು ಹೊಸದಾ? ಅದರಿಂದ ಎಚ್ಚೆತ್ತು 2013ರಲ್ಲಿ ಬಿಸಿಲಿಗೇ ಅಂತ ಒಂದು ಯೋಜನೆ ಮಾಡಿದರು. ನಾವು ಇನ್ನೂ ಉಳ್ಳಾಗಡ್ಡಿಯಲ್ಲಿದ್ದೇವೆ.

ಊಟದ ಪಂಕ್ತಿಯಲ್ಲಿ ಒಬ್ಬ ಬುದ್ಧಿವಂತ, "ಚಳಿಗೇ ಜಾಸ್ತಿ ಮಂದಿ ಸಾಯೋದು, ಓದಿಲ್ಲೇನು?" ಅಂದ. ಓದಿದ್ದೇನೆ ತಂದೆ. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, 13 ದೇಶಗಳ ಸಾವಿನ ಲೆಕ್ಕ ಅದು, ಅದರಲ್ಲಿ ಹಾಗೇ ಇದೆ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ, ಅದರ ಪೆಟ್ಟು ವಾರಗಟ್ಟಲೆ ನಿಧಾನವಾಗಿ ಬೀಳುತ್ತದೆ. ಬಿಸಿಲಿನದು ಹಾಗಲ್ಲ, ಅವತ್ತೇ ಇಲ್ಲಾ ಮಾರನೇ ದಿನ. ಅಂಬುಲೆನ್ಸ್ ಕರೆಗಳು ಜಾಸ್ತಿ ಆಗೋದೂ ಹಂಗೇ. ಡಿಸೆಂಬರಿನಲ್ಲಿ ಒಮ್ಮೊಮ್ಮೆ 10 ಡಿಗ್ರಿಗಿಂತ ಕೆಳಗೂ ಇಳಿಯುವ ವಿಜಯಪುರದಲ್ಲಿ ಕೂತು ಮೇ ತಿಂಗಳಲ್ಲಿ ಚಳಿಯ ಪುರಾಣ ಯಾಕೆ? ಎರಡೂ ನಮ್ಮ ಪಾಲಿಗೇ ಬಂದಿವೆ.

ಅಪ್ಪನ ಹೃದಯದ ನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ಅವತ್ತಿನಿಂದ ಯಾರಾದರೂ ಎದೆ ಮುಟ್ಟಿಕೊಂಡರೆ ನನಗೆ ಕೈ ನಡುಗುತ್ತದೆ. ಸಿಟ್ಟು ಅಂತ ನೀವು ಅನ್ನೋದರಲ್ಲಿ ಅರ್ಧ ಭಯವೇ.

ಸರ್ಕಾರಕ್ಕೂ ಗೊತ್ತಿದೆ ಈ ಬಿಸಿಲು. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಜೊತೆ ನಮ್ಮ ವಿಜಯಪುರ, ಬಾಗಲಕೋಟೆಗೂ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30 ಅಂತ ಆದೇಶ ಬರುತ್ತದೆ. ಫ್ಯಾನಿನ ಕೆಳಗೆ ಫೈಲು ನೋಡುವವರಿಗೆ ಟೈಮು ಬದಲಾಗುತ್ತದೆ, ಅಕ್ಕಿಕಾಳಿಗೆ ಮಾತ್ರ ನಡು ಮಧ್ಯಾಹ್ನವೇ ಆಗಬೇಕು! ಬೆಳಿಗ್ಗೆ 9ಕ್ಕೆ ಮುಹೂರ್ತ ಇಟ್ಟರೆ ಮುಖಂಡರು ಏಳಲ್ಲ ಅಂತ ಕಾಣುತ್ತದೆ.

ಎದೆ ಬಿಗಿತ, ತಣ್ಣನೆ ಬೆವರು, ಎಡಗೈ ಅಥವಾ ದವಡೆ ನೋವು ಅಂದರೆ ಸೋಡಾ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಗಟ್ಟಲೆ ಆಗುತ್ತದೆ. ಆದರೆ ಬೇಗ ಹೋದಷ್ಟು ಕೆಲಸ ಮಾಡುತ್ತದೆ. ಸತ್ಕಾರ ಮುಗಿಸಿ ಹೋದರೆ ಏನು ಉಪಯೋಗ?

ಇನ್ನು "ನಮ್ಮಜ್ಜ ತೊಂಬತ್ತರವರೆಗೂ ಬಿಸಿಲಲ್ಲೇ ದುಡಿದ" ಅಂತ ಕಾಮೆಂಟ್ ಹಾಕುವವರು, ಮೊದಲು ನಿಮ್ಮ ಬಿಪಿ ಎಷ್ಟಿದೆ ಅಂತ ಚೆಕ್ ಮಾಡಿಸಿ ಬನ್ನಿ. ಆಮೇಲೆ ಜಗಳ ಆಡೋಣ.