ಎಲ್ಲಾ ಸೇರಿ ಐತ್ರಿ ಸರ

ನಮ್ಮ ಮಗಳ ಮದುವೆಯಾಗಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನಾನಾಗಲಿ ನಮ್ಮ ಬೀಗರಾಗಲಿ ಒಬ್ಬರ ಮುಂದೆ ಒಬ್ಬರು ಒಂದು ಸಲವೂ "ಇದು ಜಾಸ್ತಿ ಆತು" ಅಂದಿಲ್ಲ. ಬೀಗತನ ನಡೆಯುವುದೇ ಹಾಗೆ. ಅವರು ಬ್ಯಾಡಗಿಯಿಂದ ಹುಬ್ಬಳ್ಳಿಗೆ ಬಂದರೆ ನಾನು ಧಾರವಾಡದ ಲೈನ್ ಬಜಾರಿನ ತನಕ ಹೋಗಿ ಎರಡು ಕಿಲೋ ಪೇಡೆ ತರುತ್ತೇನೆ. ನಾನು ಬ್ಯಾಡಗಿಗೆ ಹೋದರೆ ವಾಪಸ್ ಬರುವಾಗ ಕಾರಿನ ಡಿಕ್ಕಿಯಲ್ಲಿ ಅರ್ಧ ಚೀಲ ಮೆಣಸಿನಕಾಯಿ ಇರುತ್ತದೆ. ಅವರಿಗೆ ಸಕ್ಕರೆ ಕಾಯಿಲೆ, ನನಗೆ ಎಸಿಡಿಟಿ. ಆದರೂ ಯಾರೂ ಬೇಡ ಅನ್ನುವುದಿಲ್ಲ.

ಇಂಥ ಇಬ್ಬರನ್ನು ಒಂದೇ ಹಡಗಿಗೆ ಹತ್ತಿಸಬಾರದಿತ್ತು. ಮಗಳು-ಅಳಿಯ ಸೇರಿ ಹತ್ತಿಸಿದರು. ಸಿಂಗಾಪುರದಿಂದ ಪೆನಾಂಗ್, ಫುಕೆಟ್ ನೋಡಿ ವಾಪಸ್ ಸಿಂಗಾಪುರ, ನಾಲ್ಕು ರಾತ್ರಿ. ಟಿಕೆಟ್ಟು ಅವರ ಉಡುಗೊರೆ. "ಮೇಲಿನ ಖರ್ಚು ಏನಾರ ಬಂದ್ರ ನೀವು ನೋಡ್ಕೊಳ್ರಿ ಅಪ್ಪಾಜಿ" ಅಂದಳು ಮಗಳು. ಆ 'ಮೇಲಿನ ಖರ್ಚು' ಅನ್ನುವುದನ್ನು ಅವಳು ಎಷ್ಟು ಸಣ್ಣ ದನಿಯಲ್ಲಿ ಅಂದಳು ಅಂತ ಈಗ ನೆನಪಾಗುತ್ತದೆ.

ವಿದ್ಯಾನಗರದ ಟ್ರಾವೆಲ್ಸಿನ ಹುಡುಗ ಮಾತ್ರ ಜೋರಾಗಿಯೇ ಹೇಳಿದ್ದ. "ಎಲ್ಲಾ ಸೇರಿ ಐತ್ರಿ ಸರ. ಊಟ, ನಿದ್ದಿ, ಆಟ, ನಾಟಕ, ಎಲ್ಲಾ. ನೀವು ಬರೇ ಬಟ್ಟಿ ತಗೊಂಡ್ ಹೋಗ್ರಿ." ಎಂಟು ಪುಟದ ಕರಾರು ಕೊಟ್ಟ. ನಾನು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದವನು. ಸಾಲಕ್ಕೆ ಬಂದವರಿಗೆಲ್ಲ "ಸಣ್ಣ ಅಕ್ಷರ ಓದಿ ಸಹಿ ಮಾಡ್ರಿ" ಅಂತ ಹೇಳಿದವನು. ಅವತ್ತು ಬೀಗರು ಪಕ್ಕದಲ್ಲಿ ಕೂತಿದ್ದರು. ಅವರು ಓದದೇ ಸಹಿ ಹಾಕಿದರು. ಅವರ ಮುಂದೆ ಕನ್ನಡಕ ತೆಗೆದು ಓದುತ್ತಾ ಕೂತರೆ ಚೆನ್ನಾಗಿರುತ್ತಾ? ನಾನೂ ಹಾಕಿದೆ.

ಧಾರವಾಡ–ಬೆಂಗಳೂರು ವಂದೇ ಭಾರತ್‌ನಲ್ಲಿ ಹೊರಟೆವು. ಕೂತ ತಕ್ಷಣ ಒಂದು ನೀರಿನ ಬಾಟಲಿ ಕೊಟ್ಟರು, ಪುಕ್ಕಟೆ. ಈ ಬಾಟಲಿಯನ್ನು ನೆನಪಿಡಿ.

ಸಿಂಗಾಪುರದಲ್ಲಿ ಹಡಗು ನೋಡಿ ನಾಲ್ಕೂ ಜನ ಬಾಯಿ ತೆರೆದು ನಿಂತೆವು. ಮುನ್ನೂರು ಮೀಟರಿಗೂ ಜಾಸ್ತಿ ಉದ್ದ. "ಏನ್ ಉದ್ದ ಐತ್ರಿ ಬೀಗರ!" ಅಂದರು ಅವರು. ನನಗೆ ಸ್ವಲ್ಪ ಊರಿನ ಅಭಿಮಾನ ಕೆರಳಿತು. "ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮು 1,507 ಮೀಟರ್ ಐತ್ರಿ. ಇಂಥಾವು ನಾಲ್ಕು ಸಾಲಾಗಿ ನಿಲ್ಲಿಸಬೌದು" ಅಂದೆ. ಹಿಂದೆ ನಿಂತಿದ್ದ ಕೊಯಮತ್ತೂರಿನ ದಂಪತಿ ನಮ್ಮನ್ನು ಒಂದು ಥರಾ ನೋಡಿದರು.

ಮೊದಲ ಪೆಟ್ಟು ಬಿದ್ದಿದ್ದು ಹತ್ತುವ ಮುಂಚೆಯೇ, ನಮ್ಮ ಮನೆಯವಳಿಗೆ. ಅವಳು ಚಹಾ ಕಾಸಲು ಎಲೆಕ್ಟ್ರಿಕ್ ಕೆಟಲ್ ತಂದಿದ್ದಳು. ಜೊತೆಗೆ ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ಬಾಕ್ಸು. ಮೂರನ್ನೂ ತೆಗೆದಿಟ್ಟುಕೊಂಡು ಚೀಟಿ ಕೊಟ್ಟರು. ಬಿಸಿಯಾಗುವ ಯಾವ ಸಾಮಾನೂ ಕೋಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಹಡಗಿನಲ್ಲಿ ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಮಾಡಿದ ಅಡುಗೆಯೂ ನಡೆಯುವುದಿಲ್ಲ. ಸೀಲ್ ಮಾಡಿದ ಪ್ಯಾಕೆಟ್ ಆದರೆ ಬಿಡುತ್ತಾರೆ. ಬೀಗತಿ ಜಾಣರು, ರೊಟ್ಟಿ ಕೇಂದ್ರದಿಂದಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪ್ಯಾಕ್ ಮಾಡಿಸಿ ತಂದಿದ್ದರು. ಸೆಕ್ಯೂರಿಟಿಯವನು ರೊಟ್ಟಿಯ ಪ್ಯಾಕನ್ನು ಬೆರಳಿನಿಂದ ಎರಡು ಸಲ ಟಕ್ ಟಕ್ ಅಂತ ಬಡಿದು ನೋಡಿದ. ತಿನ್ನುವ ಸಾಮಾನು ಅಂತ ನಂಬಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಒಳಗೆ ಹೋಗುತ್ತಿದ್ದ ಹಾಗೆ ಕಾರ್ಡು ಕೇಳಿದರು. ಹಡಗಿನಲ್ಲಿ ನಗದು ನಡೆಯುವುದಿಲ್ಲ. ಕೋಣೆಯ ಕೀಲಿ ಅಂತ ಒಂದು ಕಾರ್ಡು ಕೊಡುತ್ತಾರೆ, ಅದೇ ಕೀಲಿ, ಅದೇ ಪಾಕೀಟು. ಅದನ್ನು ನಮ್ಮ ಬ್ಯಾಂಕ್ ಕಾರ್ಡಿಗೆ ಜೋಡಿಸುತ್ತಾರೆ. ಇಲ್ಲಿ ದಯವಿಟ್ಟು ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ಒಂದಿಷ್ಟು ದುಡ್ಡನ್ನು ಮುಂಗಡವಾಗಿ ತಡೆದಿಡುತ್ತಾರೆ, ಅದು ಬಿಡುಗಡೆ ಆಗುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಪಿಂಚಣಿ ಖಾತೆಯ ಡೆಬಿಟ್ ಕಾರ್ಡ್ ಕೊಟ್ಟೆ. ಕ್ರೆಡಿಟ್ ಕಾರ್ಡು ಸೂಟ್‌ಕೇಸಿನಲ್ಲಿತ್ತು, ಸೂಟ್‌ಕೇಸು ಆಗಲೇ ಹಡಗಿನೊಳಗೆ ಹೋಗಿತ್ತು.

ಕೋಣೆಗೆ ಕಿಟಕಿ ಇರಲಿಲ್ಲ. ಅಗ್ಗದ ಕೋಣೆಗಳು ಹಡಗಿನ ಒಳಭಾಗದಲ್ಲಿರುತ್ತವೆ. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ಇರುತ್ತದೆ, ದನಿ ಕಡಿಮೆ ಮಾಡಿ ಅದನ್ನು ಹಚ್ಚಿಟ್ಟು ಮಲಗಿದರೆ ಬೆಳಗಾಗಿದ್ದು ಗೊತ್ತಾಗುತ್ತದೆ. ಇದಕ್ಕೆ ದುಡ್ಡಿಲ್ಲ.

ದುಡ್ಡು ಇದ್ದಿದ್ದು ಮೇಜಿನ ಮೇಲೆ. ಎರಡು ನೀರಿನ ಬಾಟಲಿ, ಕುತ್ತಿಗೆಗೆ ಒಂದೊಂದು ಸಣ್ಣ ಚೀಟಿ. ವಾರಕ್ಕೊಮ್ಮೆ ನಳ ಬರುವುದನ್ನು ಕಾಯ್ದು ಬ್ಯಾರಲ್ ತುಂಬಿಸಿದ ಊರಿನವರು ನಾವು. ನೀರು ಕಂಡರೆ ಬಿಡುತ್ತೇವಾ? ವಂದೇ ಭಾರತ್‌ನಲ್ಲಿ ಕೊಟ್ಟ ಹಾಗೆ ಇಲ್ಲೂ ಕೊಟ್ಟಿದ್ದಾರೆ ಅಂತ ನಾನು ಒಂದನ್ನು ಅಲ್ಲೇ ಎತ್ತಿದೆ. ಎದುರು ಕೋಣೆಯಿಂದ ಬೀಗರು ಇಣುಕಿ, "ಕುಡಿಯಾಕ ಅಡ್ಡಿಯಿಲ್ಲ ಅಲ್ರಿ?" ಅಂದರು. "ಏ, ಎಲ್ಲಾ ಸೇರಿ ಐತಲ್ರಿ!" ಅಂದೆ. ಅವರೂ ಎತ್ತಿದರು. ಬೆಲೆ 4.50 ಡಾಲರ್, ಅದರ ಮೇಲೆ ಶೇಕಡಾ 18 ಸರ್ವಿಸ್ ಚಾರ್ಜ್, ಒಟ್ಟು 5.31. ಒಂದು ಡಾಲರಿಗೆ 85 ರೂಪಾಯಿ ಹಿಡಿದರೂ 450 ಆಯಿತು. ಚೀಟಿಯಲ್ಲಿ ಅದನ್ನೇ ಬರೆದಿದ್ದರಂತೆ, ಬಾಟಲಿ ಖಾಲಿಯಾದ ಮೇಲೆ ನಮ್ಮ ಮನೆಯವಳು ಓದಿ ಹೇಳಿದಳು. ಮೇಲೆ ಊಟದ ಹಾಲ್‌ನಲ್ಲಿ ನೀರು, ಚಹಾ, ಕಾಫಿ ಎಷ್ಟು ಬೇಕಾದರೂ ಪುಕ್ಕಟೆ. ಮನೆಯಿಂದ ಒಂದು ಖಾಲಿ ಸ್ಟೀಲ್ ಬಾಟಲಿ ಒಯ್ದಿದ್ದರೆ ಮುಗಿದಿತ್ತು. ನಾವು ಇಸ್ತ್ರಿ ಪೆಟ್ಟಿಗೆ ಒಯ್ದೆವು.

ಬೀಗರಿಗೆ ಮಾತ್ರ ಬಾಟಲಿಯ ಬೆಲೆ ಹೇಳಲಿಲ್ಲ. ಹೇಗೆ ಹೇಳುವುದು? ಅವರಿಗೂ ಗೊತ್ತಾಗಿತ್ತು, ಅವರೂ ಹೇಳಲಿಲ್ಲ. ಮರುದಿನ ಇನ್ನೊಂದು ಕುಡಿದು, "ನೀರು ಛಲೋ ಐತ್ರಿ" ಅಂದರು. ಮಾನ ಕಾಪಾಡಿಕೊಳ್ಳಲು ನಾನು ಇನ್ನೆರಡು ಕುಡಿದೆ.

ಪೆನಾಂಗ್‌ನಲ್ಲೂ ಇದೇ ಕತೆ. ಹಡಗಿನವರ ಬಸ್ ಟೂರು ತಲೆಗೆ 60 ಡಾಲರ್. ಕೌಂಟರಿನ ಹುಡುಗಿ ಕೇಳಿದಳು. ನಾನು ಬೀಗರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು, ಇಬ್ಬರೂ ಗೋಣು ಹಾಕಿದೆವು. ಗುಡ್ಡದ ಮೇಲಿನ ಕೆಕ್ ಲೋಕ್ ಸಿ ಬೌದ್ಧ ದೇವಸ್ಥಾನ ನಿಜವಾಗಿಯೂ ನೋಡುವಂಥದ್ದು. ಆಮೇಲೆ ಜಾರ್ಜ್ ಟೌನಿನ ಲಿಟಲ್ ಇಂಡಿಯಾದಲ್ಲಿ ಇಳಿಸಿದರು. ಮಲ್ಲಿಗೆ ಮಾಲೆ, ಸೀರೆ ಅಂಗಡಿ, ಕಿವಿ ಕಿತ್ತುಹೋಗುವ ಹಾಗೆ ಹಾಡು. ನಮ್ಮ ಹುಬ್ಬಳ್ಳಿಯ ದುರ್ಗದ ಬೈಲ್ ಮಾರ್ಕೆಟ್ಟಿಗೇ ಬಂದ ಹಾಗಾಯಿತು. ಬೀಗತಿ ಗೈಡನ್ನು ಕೇಳಿದರು, ಇಲ್ಲಿಂದ ಬಂದರು ಎಷ್ಟು ದೂರ ಅಂತ. "ನಡೆದರೆ ಹದಿನೈದು ನಿಮಿಷ" ಅಂದ. ಬೀಗರು ಆ ಕ್ಷಣದಲ್ಲಿ ಒಂದು ಸೀರೆ ಅಂಗಡಿಯ ಬೋರ್ಡನ್ನು ಬಹಳ ಗಮನವಿಟ್ಟು ಓದತೊಡಗಿದರು. ಅದು ತಮಿಳಿನಲ್ಲಿತ್ತು.

ಆ ಸಿಟ್ಟಿಗೆ ಫುಕೆಟ್‌ನಲ್ಲಿ ನಮ್ಮಷ್ಟಕ್ಕೆ ನಾವೇ ತಿರುಗಿದೆವು. ಅಲ್ಲಿ ಹಡಗು ದಡಕ್ಕೆ ಬರಲಿಲ್ಲ, ದೂರ ನಿಂತಿತು. ಸಣ್ಣ ದೋಣಿಯಲ್ಲಿ ಬೀಚಿಗೆ ಬಿಟ್ಟರು. ಕೊನೆಯ ದೋಣಿ 4.30ಕ್ಕೆ. ಎಳನೀರು ಕುಡಿಯುತ್ತಾ ಕೂತಿದ್ದೆವು. ನನ್ನ ಫೋನಿನಲ್ಲಿ 3.10. "ಇನ್ನೂ ಭಾಳ ಹೊತ್ತೈತಿ, ಇನ್ನೊಂದೊಂದು ಕುಡಿಯೂಣ" ಅಂದೆ. ಬೀಗರು ತಮ್ಮ ಹಳೆ ಎಚ್‌ಎಂಟಿ ಗಡಿಯಾರ ನೋಡಿ, "ನಂದ್ರಾಗ ನಾಲ್ಕು ಹತ್ತು ತೋರ್ಸಾಕತ್ತೈತ್ರಿ. ಹಳೇದು, ಮುಂದ ಓಡ್ತೈತಿ ಕಾಣಸ್ತದ" ಅಂದರು.

ನನ್ನ ಹೊಟ್ಟೆಯಲ್ಲಿ ಎಳನೀರು ಅಲುಗಾಡಿತು. ಥಾಯ್ಲೆಂಡಿನ ಗಡಿಯಾರ ಸಿಂಗಾಪುರಕ್ಕಿಂತ ಒಂದು ತಾಸು ಹಿಂದೆ. ಫೋನು ತಾನಾಗಿಯೇ ಅಲ್ಲಿನ ಸಮಯ ಹಿಡಿದಿತ್ತು. ಹಡಗೂ ಬೀಗರ ಎಚ್‌ಎಂಟಿಯೂ ಸಿಂಗಾಪುರದ ಸಮಯದಲ್ಲೇ ನಡೆಯುತ್ತಿದ್ದವು. ಹಡಗಿನವರ ಟೂರಿಗೆ ಹೋಗಿದ್ದರೆ ತಡವಾದರೂ ಕಾಯುತ್ತಾರೆ, ಸ್ವಂತ ಹೋದವರಿಗೆ ಕಾಯುವುದಿಲ್ಲ. ಆ 60 ಡಾಲರಿನಲ್ಲಿ ಇದೂ ಸೇರಿರುತ್ತದೆ ಅಂತ ಆಗ ತಿಳಿಯಿತು. ಮಂಡಿನೋವಿನ ನಾಲ್ಕು ಜನ ಮರಳಿನಲ್ಲಿ ಓಡಿದ್ದನ್ನು ಯಾರಾದರೂ ವಿಡಿಯೋ ಮಾಡಿಕೊಂಡಿದ್ದರೆ ದಯವಿಟ್ಟು ಅಳಿಸಿಬಿಡಿ. ದೋಣಿ ಸಿಕ್ಕಿತು. ಎಚ್‌ಎಂಟಿಗೆ ಅವತ್ತು ಬೀಗತಿ ಕುಂಕುಮ ಹಚ್ಚುವುದೊಂದು ಬಾಕಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹಡಗಿನವರು ತೆಗೆದ ಫೋಟೋ ಒಂದಕ್ಕೆ 20 ಡಾಲರ್. ಬೀಗರು ಎರಡು ತಗೊಂಡರು, ಹಾಗಾಗಿ ನಾವೂ ಎರಡು. ಒಂದು ಅಂಗಿ ಒಗೆಸಿದ್ದಕ್ಕೆ 4 ಡಾಲರ್. ವೈಫೈ ದಿನಕ್ಕೆ 20, ಅದೂ ಒಂದೇ ಫೋನಿಗೆ. ಮನೆಯಲ್ಲೇ ಕೂತು ಮುಂಚೆ ಬುಕ್ ಮಾಡಿದ್ದರೆ ಕಡಿಮೆಗೆ ಸಿಗುತ್ತಿತ್ತಂತೆ. ಹೆಂಡದ ಪ್ಯಾಕೇಜ್ ಮಾರಲು ಬಂದವಳು, ಕೋಣೆಯಲ್ಲಿ ಒಬ್ಬರು ತಗೊಂಡರೆ ಇನ್ನೊಬ್ಬ ದೊಡ್ಡವರೂ ತಗೊಳ್ಳಲೇಬೇಕು ಅಂದಳು. ಬೀಗತಿ ಅವಳನ್ನು ನೋಡಿದ ನೋಟಕ್ಕೆ ಆಕೆ ಮತ್ತೆ ನಮ್ಮ ಕಡೆ ಬರಲಿಲ್ಲ. ಅದೊಂದು ದುಡ್ಡು ಉಳಿಯಿತು.

ಗುರುವಾರ ಇಡೀ ದಿನ ಸಮುದ್ರ. ಗುರುವಾರ ಅಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಬೀಗರ ಫೋನು ಹೊಡೆದುಕೊಂಡಿತು. ನಡುನೀರಿನಲ್ಲಿ ಸಿಗ್ನಲ್! ಅವರು ಡೆಕ್ಕಿನ ಮೇಲೆ ನಿಂತು ಡಬ್ಬಿ ಮೆಣಸಿನಕಾಯಿ ಎಷ್ಟಕ್ಕೆ ಹೋಯಿತು, ಕಡ್ಡಿ ಮೆಣಸಿನಕಾಯಿ ಎಷ್ಟಕ್ಕೆ ಹೋಯಿತು ಅಂತ ಒಂಬತ್ತು ನಿಮಿಷ ಮಾತಾಡಿದರು. ಹಡಗಿಗೆ ಅದರದೇ ಬೇರೆ ನೆಟ್‌ವರ್ಕ್ ಇರುತ್ತದೆ, ಊರಲ್ಲಿ ಹಾಕಿಸಿದ ಸಾಮಾನ್ಯ ರೋಮಿಂಗ್ ಪ್ಯಾಕು ಅದಕ್ಕೆ ತಾಗುವುದಿಲ್ಲ. ಹಡಗು ದಡ ಬಿಡುವಾಗಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕು. ಆ ಒಂಬತ್ತು ನಿಮಿಷಕ್ಕೆ ಎಷ್ಟು ಬಿಲ್ ಬಂತು ಅಂತ ಬೀಗರು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅವತ್ತು ರೇಟು ಚೆನ್ನಾಗಿತ್ತು ಅಂತ ಮಾತ್ರ ಹೇಳುತ್ತಾರೆ.

ಅದೇ ರಾತ್ರಿ ಜಪಾನಿ ಹೋಟೆಲಿನ ಊಟ. ಹಡಗಿನ ದೊಡ್ಡ ಹಾಲ್‌ನಲ್ಲಿ ಊಟ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಮೊದಲ ದಿನವೇ ಅಲ್ಲಿನ ಮುಖ್ಯ ವೇಟರಿಗೆ ಹೇಳಿದರೆ ನಮ್ಮವರ ಥರದ ಸಸ್ಯಾಹಾರಿ ಅಡುಗೆಯನ್ನೂ ಮಾಡಿಕೊಡುತ್ತಾರೆ. ಆದರೆ ಕೊನೆಯ ರಾತ್ರಿ, ಬೀಗರಿಗೆ ಏನಾದರೂ ವಿಶೇಷ ಮಾಡಬೇಡವಾ? ತಲೆಗೆ 50 ಡಾಲರ್. ದೊಡ್ಡ ಕಬ್ಬಿಣದ ಹಂಚಿನ ಸುತ್ತ ಕೂರಿಸಿದರು. ಬಾಣಸಿಗ ಚಾಕು ತಿರುಗಿಸಿ, ಸೌಟು ಮೇಲೆ ಎಸೆದು ಹಿಡಿದು, ಬೆಂಕಿ ಎಬ್ಬಿಸಿ, ಕೊನೆಗೆ ನಮ್ಮ ತಾಟಿಗೆ ಕ್ಯಾಬೇಜು, ಕ್ಯಾರೆಟ್ಟು, ಬಿಳಿ ಪನೀರಿನಂಥದ್ದೇನೋ ನಾಲ್ಕು ತುಂಡು ಹಾಕಿದ. "ನಮ್ಮ ಗೋಬಿ ಗಾಡಿಯವ ಇದಕಿಂತ ಛಲೋ ಸೌಟು ಬಡೀತಾನ" ಅಂದಳು ನಮ್ಮ ಮನೆಯವಳು. ಬೀಗತಿ ಸದ್ದಿಲ್ಲದೆ ಪರ್ಸಿನಿಂದ ಶೇಂಗಾ ಚಟ್ನಿ ತೆಗೆದರು.

ಊಟ ಮುಗಿಯುವ ಮುಂಚೆ ನಾನು ಕೈ ತೊಳೆಯುವ ನೆಪ ಮಾಡಿ ಎದ್ದೆ. ಬೀಗರು ಬಿಲ್ಲಿಗೆ ಕೈ ಹಾಕಬಾರದಲ್ಲ. ವೇಟರಿಗೆ ಕಾರ್ಡು ಕೊಟ್ಟು, ನಾಲ್ಕೂ ಜನರದ್ದು ನನ್ನ ಕೋಣೆಗೇ ಹಾಕಪ್ಪಾ ಅಂದೆ. ಸರ್ವಿಸ್ ಚಾರ್ಜ್ ಸೇರಿ 236 ಡಾಲರ್, ಇಪ್ಪತ್ತು ಸಾವಿರ ರೂಪಾಯಿ. ಎದೆ ಧಸಕ್ಕೆಂದರೂ ನಗುತ್ತಾ ವಾಪಸ್ ಬಂದು ಕೂತೆ. ಬೀಗರೂ ನಗುತ್ತಿದ್ದರು.

ಮರುದಿನ ನಸುಕಿಗೆ ಬಾಗಿಲ ಕೆಳಗೆ ಬಿಲ್ಲು ಬಂದು ಬಿದ್ದಿತ್ತು. 640 ಡಾಲರ್ ಚಿಲ್ಲರೆ, ಹತ್ತಿರ ಹತ್ತಿರ 54 ಸಾವಿರ. ಅದರಲ್ಲಿ 144 ಡಾಲರ್ ಬರೀ ಟಿಪ್ಸ್, ತಲೆಗೆ ದಿನಕ್ಕೆ 18ರ ಹಾಗೆ, ತಾನಾಗಿಯೇ ಸೇರಿಕೊಂಡಿತ್ತು. "ಟಿಪ್ಸ್ ಅಂದ್ರ ಮನಸಿಗೆ ಬಂದಷ್ಟು ಕೊಡೂದಲ್ಲೇನ್ರೀ?" ಅಂದಳು ನಮ್ಮ ಮನೆಯವಳು. ಕೆಲವು ಹಡಗುಗಳಲ್ಲಿ ಕೇಳಿದರೆ ಅದನ್ನು ತೆಗೆಯುತ್ತಾರಂತೆ. ನಾನು ಕೇಳಲಿಲ್ಲ. ದಿನಾ ಟವೆಲ್ಲಿನಲ್ಲಿ ಆನೆ, ಕೋತಿ ಮಾಡಿ ಹಾಸಿಗೆ ಮೇಲೆ ಇಡುತ್ತಿದ್ದ ಹುಡುಗನ ಮುಖ ನೆನಪಾಯಿತು. ಆದರೆ ಪಟ್ಟಿಯಲ್ಲಿ ಮೂರನೇ ಸಾಲಿನ ನೀರಿನ ಬಾಟಲಿ ನಾಲ್ಕು ಅಂತಿತ್ತು. ನಾನು ಕುಡಿದಿದ್ದು ಮೂರೇ! "ವಾಕಿಂಗ್ ಹೋಗಿ ಬರ್ತೀನಿ" ಅಂತ ಹೇಳಿ ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡು ಕೆಳಗಿನ ಕೌಂಟರಿಗೆ ಹೋದೆ.

ಆರು ಗಂಟೆಗೇ ಉದ್ದ ಸಾಲು. ನನ್ನ ಮುಂದೆ ಮಂಕಿ ಟೋಪಿ ಹಾಕಿದ ಒಂದು ತಲೆ. ಬಹಳ ಪರಿಚಯದ ತಲೆ.

"ಬೀಗರ?"

ಅವರು ಗಾಬರಿಯಾಗಿ ತಿರುಗಿದರು. "ವಾಕಿಂಗ್ ಬಂದಿದ್ದೆರಿ."

"ನಾನೂ ವಾಕಿಂಗೇ ರಿ."

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಇಬ್ಬರೂ ಒಂದು ಹೆಜ್ಜೆ ವಾಕಿಂಗ್ ಮಾಡಿದೆವು. ಅವರ ಕೈಯಲ್ಲಿ ಬಿಲ್ಲಿತ್ತು, ಹೆಬ್ಬೆರಳು ಯಾವುದೋ ಸಾಲನ್ನು ಮುಚ್ಚಿತ್ತು. ಬ್ಯಾಂಕಿನವನ ಕಣ್ಣು ಸುಮ್ನಿರುತ್ತಾ? ಬಗ್ಗಿ ನೋಡಿದೆ. ಜಪಾನಿ ಹೋಟೆಲು, ನಾಲ್ಕು ಜನ, 236 ಡಾಲರ್.

"ಇದನ್ನ ನಾನು ಕೊಟ್ಟೀನಲ್ರಿ!"

"ನೀವು ಕೈ ತೊಳಿಯಾಕ ಹ್ವಾದಾಗ ನಾ ಆ ಕಡೆ ಬಾಗಲದಾಗ ಕಾರ್ಡ್ ಕೊಟ್ಟೆರಿ" ಅಂದರು ಬೀಗರು, ನೆಲ ನೋಡುತ್ತಾ.

ಕೌಂಟರಿನ ಹುಡುಗಿ ಎರಡೂ ಬಿಲ್ಲನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಊಟ ಒಂದೇ, ದುಡ್ಡು ಎರಡು ಸಲ ಬಂದಿದೆ, ಒಂದನ್ನು ವಾಪಸ್ ಮಾಡುತ್ತೇನೆ ಅಂದಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ ಕೇಳಿದಳು, ಯಾರದನ್ನು ತೆಗೆಯಲಿ?

"ಅವರದು ತೆಗೀರಿ" ಅಂದೆ ನಾನು.

"ಏ, ಇಲ್ರಿ, ಇವರದು ತೆಗೀರಿ" ಅಂದರು ಬೀಗರು.

ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೊಯಮತ್ತೂರಿನ ದಂಪತಿ ಸೂಟ್‌ಕೇಸಿನ ಮೇಲೆ ಕೂತುಬಿಟ್ಟರು.